ಹಳೆಯ ಅಂತರ್ಜಾಲ ತಾಣಕ್ಕೆ ಹೊಸ ರೂಪ, ಹೊಸ ನೆಲೆ: ಥೀಮ್ ಬದಲಾವಣೆ ಮತ್ತು ಕ್ಲೌಡ್ ಹೋಸ್ಟಿಂಗ್ ಕುರಿತು ತಿಳಿದಿರಬೇಕಾದ ವಿಷಯಗಳು

2000ದ ದಶಕದಲ್ಲಿ ನಮ್ಮ ಕರಾವಳಿಯ ಅನೇಕ ಚರ್ಚುಗಳು, ಶಾಲೆಗಳು ಹಾಗೂ ಸಂಘ-ಸಂಸ್ಥೆಗಳು ತಮ್ಮದೇ ಆದ ಅಂತರ್ಜಾಲ ತಾಣಗಳನ್ನು ಆರಂಭಿಸಿದವು. ಗಲ್ಫ್ ರಾಷ್ಟ್ರಗಳಿಂದ ರಜೆಯಲ್ಲಿ ಊರಿಗೆ ಬಂದ ಯುವಕರು ಅಥವಾ ಇಂಜಿನಿಯರಿಂಗ್ ಓದುತ್ತಿದ್ದ ವಿದ್ಯಾರ್ಥಿಗಳು ಬಿಡುವಿನ ವೇಳೆಯಲ್ಲಿ ಇವುಗಳನ್ನು ನಿರ್ಮಿಸಿಕೊಟ್ಟರು. ಮುಖಪುಟದಲ್ಲಿ ಚರ್ಚಿನ ಭಾವಚಿತ್ರ, ಅದರ ಕೆಳಗೆ ಎಡಕ್ಕೆ ಓಡುವ ಅಕ್ಷರಗಳಲ್ಲಿ ಸ್ವಾಗತ, ಮೂಲೆಯಲ್ಲಿ ಭೇಟಿ ನೀಡಿದವರ ಸಂಖ್ಯೆ. ಅಂದಿಗೆ ಅದು ದೊಡ್ಡ ಸಾಧನೆಯೇ ಆಗಿತ್ತು. ಪರದೇಶದಲ್ಲಿದ್ದವರು ಊರ ಹಬ್ಬದ ಚಿತ್ರಗಳನ್ನು ಅದೇ ದಿನ ನೋಡಿ ಸಂತೋಷಪಟ್ಟದ್ದು ನಮಗಿನ್ನೂ ನೆನಪಿದೆ.

ಆ ತಾಣಗಳಲ್ಲಿ ಕೆಲವು ಇಂದು ತೆರೆಯುವುದೇ ಇಲ್ಲ. ಕೆಲವು ತೆರೆದರೂ ಮೊಬೈಲಿನಲ್ಲಿ ಅಕ್ಷರಗಳು ಇರುವೆಯಷ್ಟು ಚಿಕ್ಕದಾಗಿ ಕಾಣುತ್ತವೆ. ಇನ್ನು ಕೆಲವದರಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. "ಹೊಸ ತಾಣ ಮಾಡಿಸೋಣವೇ? ಎಲ್ಲರೂ ಕ್ಲೌಡ್ ಅನ್ನುತ್ತಾರೆ, ಅದಕ್ಕೆ ಹೋಗೋಣವೇ?" ಎಂದು ಧರ್ಮಕೇಂದ್ರಗಳ ಕಾರ್ಯದರ್ಶಿಗಳು, ಶಾಲಾ ಮುಖ್ಯಸ್ಥರು ನಮ್ಮಲ್ಲಿ ಆಗಾಗ ವಿಚಾರಿಸುತ್ತಾರೆ. ಅವರೆಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ಹೊಸ ರೂಪ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಸದನ್ನು ಕಟ್ಟುವ ಮೊದಲು ಹಳೆಯದರಲ್ಲಿ ಏನಿದೆ, ಅದರ ಬೀಗದ ಕೈ ಯಾರಲ್ಲಿದೆ ಎಂದು ತಿಳಿದುಕೊಳ್ಳಬೇಕು.

ನಮ್ಮದೇ ತಪ್ಪಿನ ಕಥೆ

ಕೆಲವು ವರ್ಷಗಳ ಹಿಂದೆ ನಾವು ನಮ್ಮ ಮೇಲ್ವಿಚಾರಣೆಯಲ್ಲಿದ್ದ ಒಂದು ಸುದ್ದಿ ತಾಣವನ್ನು ಹೊಸ ಹೋಸ್ಟಿಂಗ್‌ಗೆ ಸ್ಥಳಾಂತರಿಸಿದೆವು. ವಿನ್ಯಾಸ ಚೆನ್ನಾಗಿ ಬಂತು, ಎಲ್ಲರೂ ಹೊಗಳಿದರು. ಕಡೆಯ ಮೂರು ವರ್ಷಗಳ ಸುದ್ದಿಗಳನ್ನು ಮಾತ್ರ ಹೊಸ ತಾಣಕ್ಕೆ ತಂದು, "ಹಳೆಯದನ್ನು ಯಾರು ಓದುತ್ತಾರೆ?" ಎಂದು ಉಳಿದದ್ದನ್ನು ಅಲ್ಲಿಯೇ ಬಿಟ್ಟೆವು. ಹಳೆಯ ಹೋಸ್ಟಿಂಗ್‌ನ ಅವಧಿ ಮುಗಿದಾಗ ನವೀಕರಿಸಲಿಲ್ಲ.

ಕೆಲವು ತಿಂಗಳ ನಂತರ ಕುವೈಟ್‌ನಲ್ಲಿ ದಾದಿಯಾಗಿರುವ ಒಬ್ಬ ಸಹೋದರಿಯಿಂದ ಇ-ಮೇಲ್ ಬಂತು. ಅವರ ತಂದೆಯವರು ತೀರಿಕೊಂಡಾಗ ಅವರಿಗೆ ರಜೆ ಸಿಕ್ಕಿರಲಿಲ್ಲ. ಅಂತ್ಯಸಂಸ್ಕಾರದ ಚಿತ್ರಗಳನ್ನು ಅವರು ನೋಡಿದ್ದು ನಮ್ಮ ತಾಣದಲ್ಲಿ ಮಾತ್ರ. ಪ್ರತಿ ವರ್ಷ ಪುಣ್ಯತಿಥಿಯಂದು ಆ ಪುಟವನ್ನು ತೆರೆದು ನೋಡುವುದು ಅವರ ವಾಡಿಕೆಯಾಗಿತ್ತು. "ಫಾದರ್, ಈ ವರ್ಷ ಪುಟ ತೆರೆಯುತ್ತಿಲ್ಲ, ದಯವಿಟ್ಟು ನೋಡುವಿರಾ?" ಎಂದು ಕೇಳಿದ್ದರು. ನಾವು ಹುಡುಕಿದೆವು. ಅಮೆರಿಕದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ 'ವೇಬ್ಯಾಕ್ ಮಷೀನ್' ಎಂಬ ಸಂಗ್ರಹದಲ್ಲಿ ಆ ಮರಣ ವಾರ್ತೆಯ ಬರಹ ಸಿಕ್ಕಿತು. ಚಿತ್ರಗಳು ಸಿಗಲಿಲ್ಲ. ಇದು ಹೋಸ್ಟಿಂಗ್ ಕಂಪೆನಿಯ ತಪ್ಪಲ್ಲ, ನಮ್ಮ ಅಜಾಗರೂಕತೆ. ಮುಂದೆ ಹೇಳಲಿರುವ ಬಹುಪಾಲು ಎಚ್ಚರಿಕೆಗಳು ಆ ದಿನ ಕಲಿತ ಪಾಠಗಳು.

ತಾಣದ ನಾಲ್ಕು ಭಾಗಗಳು

ಅಂತರ್ಜಾಲ ತಾಣವೆಂದರೆ ಒಂದೇ ವಸ್ತುವಲ್ಲ. ಅದರಲ್ಲಿ ಬೇರೆ ಬೇರೆಯಾದ ನಾಲ್ಕು ಭಾಗಗಳಿವೆ. ಇವುಗಳನ್ನು ಬೆರೆಸಿಕೊಳ್ಳುವುದರಿಂದಲೇ ಹೆಚ್ಚಿನ ಗೊಂದಲಗಳು ಉಂಟಾಗುತ್ತವೆ.

1. ಡೊಮೈನ್ ಹೆಸರು: ಇದು ತಾಣದ ವಿಳಾಸ. ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ಇನ್ ಎಂದು ಕೊನೆಗೊಳ್ಳುತ್ತದೆ. ಇದನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳಲಾಗದು. ನಿಗದಿತ ವರ್ಷಗಳಿಗೆ ನೋಂದಾಯಿಸಿ, ಅವಧಿ ಮುಗಿಯುವ ಮೊದಲು ನವೀಕರಿಸುತ್ತಿರಬೇಕು.

2. ಹೋಸ್ಟಿಂಗ್: ತಾಣದ ಕಡತಗಳನ್ನು ಇಟ್ಟಿರುವ, ಹಗಲಿರುಳು ಚಾಲೂ ಇರುವ ಗಣಕಯಂತ್ರದಲ್ಲಿನ ಸ್ಥಳ. ಇದಕ್ಕೆ ಬಾಡಿಗೆ ಕೊಡುತ್ತೇವೆ. ಡೊಮೈನ್ ಒಂದು ಕಂಪೆನಿಯಲ್ಲಿ, ಹೋಸ್ಟಿಂಗ್ ಇನ್ನೊಂದರಲ್ಲಿ ಇರಬಹುದು.

3. ವಿಷಯ: ನಾವು ಬರೆದ ಸುದ್ದಿ, ಲೇಖನ, ಮರಣ ವಾರ್ತೆ, ಚಿತ್ರಗಳು. ಬರಹಗಳು ಸಾಮಾನ್ಯವಾಗಿ ಡೇಟಾಬೇಸ್‌ನಲ್ಲಿಯೂ ಚಿತ್ರಗಳು ಪ್ರತ್ಯೇಕ ಫೋಲ್ಡರಿನಲ್ಲಿಯೂ ಇರುತ್ತವೆ.

4. ಥೀಮ್: ಆ ವಿಷಯ ಓದುಗರಿಗೆ ಹೇಗೆ ಕಾಣಬೇಕು ಎಂದು ನಿರ್ಧರಿಸುವ ವಿನ್ಯಾಸ. ಬಣ್ಣ, ಅಕ್ಷರದ ಗಾತ್ರ, ಸುದ್ದಿಗಳ ಜೋಡಣೆ ಎಲ್ಲವೂ ಇದರಲ್ಲಿ ಅಡಕವಾಗಿವೆ.

ಈ ನಾಲ್ಕರಲ್ಲಿ ಹೋಸ್ಟಿಂಗ್ ಮತ್ತು ಥೀಮ್‌ಗಳನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಡೊಮೈನ್ ಕೈತಪ್ಪಿದರೆ ಮರಳಿ ಪಡೆಯುವುದು ಕಷ್ಟ. ವಿಷಯ ಕಳೆದುಹೋದರೆ ಮರಳಿ ಬರುವುದೇ ಇಲ್ಲ. ಆದರೂ ನಮ್ಮ ಸಭೆಗಳಲ್ಲಿ ಚರ್ಚೆ ಹೆಚ್ಚಾಗಿ ನಡೆಯುವುದು ಮುಖಪುಟದ ಬಣ್ಣದ ಬಗ್ಗೆ!

ಥೀಮ್ ಬೆಳೆದು ಬಂದ ದಾರಿ

ಆರಂಭದ ತಾಣಗಳಲ್ಲಿ ವಿಷಯ ಮತ್ತು ವಿನ್ಯಾಸ ಒಂದೇ ಕಡತದಲ್ಲಿ ಬೆರೆತಿದ್ದವು. ಬಣ್ಣ ಬದಲಿಸಬೇಕಾದರೆ ನೂರು ಪುಟಗಳಿದ್ದಲ್ಲಿ ನೂರನ್ನೂ ತಿದ್ದಬೇಕಿತ್ತು. ವಿನ್ಯಾಸವನ್ನು ಪ್ರತ್ಯೇಕವಾಗಿ ಬರೆಯುವ ಸಿಎಸ್ಎಸ್ ಎಂಬ ಪದ್ಧತಿ 1996ರಲ್ಲಿ ಪ್ರಮಾಣೀಕೃತವಾಯಿತಾದರೂ ಸಣ್ಣ ತಾಣಗಳಿಗೆ ಅದು ತಲುಪಲು ಬಹಳ ಸಮಯ ಹಿಡಿಯಿತು.

2001ರಲ್ಲಿ ಡ್ರುಪಾಲ್, 2003ರ ಮೇ ತಿಂಗಳಲ್ಲಿ ವರ್ಡ್‌ಪ್ರೆಸ್, 2005ರಲ್ಲಿ ಜೂಮ್ಲಾ ತಂತ್ರಾಂಶಗಳು ಬಂದವು. ಮೂರೂ ಉಚಿತ ಹಾಗೂ ಮುಕ್ತ ತಂತ್ರಾಂಶಗಳು. ಬರೆಯುವವರು ಬರೆದು ಹಾಕಿದರೆ ಸಾಕು, ಪುಟವನ್ನು ತಂತ್ರಾಂಶವೇ ಸಿದ್ಧಪಡಿಸುತ್ತದೆ. 2005ರ ಫೆಬ್ರವರಿಯಲ್ಲಿ ಬಂದ ವರ್ಡ್‌ಪ್ರೆಸ್ 1.5 ಆವೃತ್ತಿಯಲ್ಲಿ ಥೀಮ್ ಎಂಬ ವ್ಯವಸ್ಥೆ ಸೇರಿತು. ಅಲ್ಲಿಂದ ಮುಂದೆ ಒಂದು ಗುಂಡಿ ಒತ್ತಿ ಇಡೀ ತಾಣದ ರೂಪವನ್ನು ಬದಲಾಯಿಸುವುದು ಸಾಧ್ಯವಾಯಿತು.

ಮುಂದಿನ ದೊಡ್ಡ ತಿರುವು ಮೊಬೈಲಿನಿಂದ ಬಂತು. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಗಾರರು 'ರೆಸ್ಪಾನ್ಸಿವ್' ವಿನ್ಯಾಸ ಎಂಬ ಕಲ್ಪನೆಯನ್ನು ಮುಂದಿಟ್ಟರು. ಒಂದೇ ಪುಟ ಗಣಕಯಂತ್ರದ ದೊಡ್ಡ ಪರದೆಗೂ ಫೋನಿನ ಚಿಕ್ಕ ಪರದೆಗೂ ತಾನಾಗಿ ಹೊಂದಿಕೊಳ್ಳುವುದೇ ಇದರ ತಿರುಳು. ಮೊಬೈಲಿಗೆ ಹೊಂದುವ ಪುಟಗಳಿಗೆ ಮೊಬೈಲ್ ಹುಡುಕಾಟದಲ್ಲಿ ಆದ್ಯತೆ ನೀಡುವ ಬದಲಾವಣೆಯನ್ನು ಗೂಗಲ್ 2015ರ ಏಪ್ರಿಲ್‌ನಲ್ಲಿ ಜಾರಿಗೆ ತಂದಿತು. 2022ರ ಜನವರಿಯಲ್ಲಿ ಬಂದ ವರ್ಡ್‌ಪ್ರೆಸ್ 5.9ರೊಂದಿಗೆ 'ಬ್ಲಾಕ್ ಥೀಮ್' ಎಂಬ ಹೊಸ ಪೀಳಿಗೆ ಆರಂಭವಾಯಿತು. ಇದರಲ್ಲಿ ಪುಟದ ತಲೆಬರಹ, ಅಡಿಬರಹಗಳನ್ನೂ ಪ್ರೋಗ್ರಾಮಿಂಗ್ ಕಲಿಯದವರು ಜೋಡಿಸಬಹುದು.

ಥೀಮ್ ಏಕೆ ಬದಲಾಯಿಸಬೇಕು?

ಅಂದಕ್ಕಾಗಿ ಮಾತ್ರ ಎಂದು ತಿಳಿಯಬಾರದು. ಮುಖ್ಯವಾಗಿ ನಾಲ್ಕು ಕಾರಣಗಳಿವೆ.

ಓದುಗರ ಅನುಕೂಲ: ನಮ್ಮ ಓದುಗರಲ್ಲಿ ಹಿರಿಯರು ಅನೇಕರು. ಅವರು ಕನ್ನಡಕ ಧರಿಸಿ ಫೋನಿನಲ್ಲಿ ಓದುತ್ತಾರೆ. ಕಡು ನೀಲಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರಗಳಿದ್ದರೆ ಅವರಿಗೆ ಅದು ಶಿಕ್ಷೆ. ತಿಳಿ ಹಿನ್ನೆಲೆ, ಕಪ್ಪು ಅಕ್ಷರ, ದೊಡ್ಡ ಗಾತ್ರ ಇವಿಷ್ಟಿದ್ದರೆ ಸಾಕು.

ನಿಂತುಹೋದ ತಂತ್ರಜ್ಞಾನ: ಒಂದು ಕಾಲದಲ್ಲಿ ಮುಖಪುಟದಲ್ಲಿ ಚಿತ್ರಗಳು ಮೂಡಿ ಮರೆಯಾಗುವಂತೆ ಮಾಡಲು ಫ್ಲ್ಯಾಶ್ ಬಳಸುತ್ತಿದ್ದರು. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ರಂದು ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. ಪೂರ್ಣವಾಗಿ ಫ್ಲ್ಯಾಶ್‌ನಲ್ಲಿಯೇ ಮಾಡಿದ ಪುಟಗಳು ಅಂದಿನಿಂದ ಖಾಲಿ ಚೌಕಗಳಾಗಿವೆ.

ಭದ್ರತೆ: ವರ್ಡ್‌ಪ್ರೆಸ್, ಜೂಮ್ಲಾ, ಡ್ರುಪಾಲ್ ಮೂರೂ ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದವು. ಪಿಎಚ್‌ಪಿ 5.6ಕ್ಕೆ ಬೆಂಬಲ 2018ರ ಕೊನೆಗೆ, 7.4ಕ್ಕೆ 2022ರ ನವೆಂಬರ್‌ನಲ್ಲಿ ಮುಗಿಯಿತು. ಜೂಮ್ಲಾ 3ರ ಬೆಂಬಲ 2023ರ ಆಗಸ್ಟ್‌ನಲ್ಲಿ, ಡ್ರುಪಾಲ್ 7ರದ್ದು 2025ರ ಜನವರಿ 5ರಂದು ಕೊನೆಗೊಂಡಿತು. ಬೆಂಬಲ ಮುಗಿದ ತಂತ್ರಾಂಶದಲ್ಲಿ ದೋಷ ಪತ್ತೆಯಾದರೂ ಅದರ ತಯಾರಕರು ತಿದ್ದಿಕೊಡುವುದಿಲ್ಲ. ದುಷ್ಕರ್ಮಿಗಳು ಇಂತಹ ತಾಣಗಳನ್ನು ಯಂತ್ರದ ಮೂಲಕ ಹುಡುಕಿ ಒಳನುಗ್ಗುತ್ತಾರೆ. ಚರ್ಚಿನ ತಾಣ ತೆರೆದವರು ಜೂಜಿನ ಜಾಹೀರಾತಿಗೆ ತಲುಪಿದರೆ ಆಗುವ ಮುಜುಗರ ಊಹಿಸಿಕೊಳ್ಳಿ. "ನಮ್ಮಲ್ಲಿ ಕದಿಯಲು ಏನಿದೆ?" ಎನ್ನುವಂತಿಲ್ಲ. ಅವರಿಗೆ ಬೇಕಾಗಿರುವುದು ನಮ್ಮ ಒಳ್ಳೆಯ ಹೆಸರು ಮತ್ತು ನಮ್ಮ ಯಂತ್ರದ ಸ್ಥಳ.

ಎಚ್‌ಟಿಟಿಪಿಎಸ್: ಇದಿಲ್ಲದ ಎಲ್ಲಾ ತಾಣಗಳನ್ನೂ ಕ್ರೋಮ್ ಬ್ರೌಸರ್ 2018ರ ಜುಲೈನಿಂದ 'ಸುರಕ್ಷಿತವಲ್ಲ' ಎಂದು ಗುರುತಿಸತೊಡಗಿತು. ಹಿಂದೆ ಇದಕ್ಕಾಗಿ ಪ್ರತಿ ವರ್ಷ ಹಣ ತೆತ್ತು ಪ್ರಮಾಣಪತ್ರ ಪಡೆಯಬೇಕಿತ್ತು. 2015ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಲಾಭರಹಿತ ಸೇವೆ ಇದನ್ನು ಉಚಿತವಾಗಿ ನೀಡುತ್ತದೆ. ಇದರ ಅವಧಿ ಅಲ್ಪವಾದ್ದರಿಂದ ತಾನಾಗಿ ನವೀಕರಣಗೊಳ್ಳುವ ವ್ಯವಸ್ಥೆ ಇದೆಯೇ ಎಂದು ಹೋಸ್ಟಿಂಗ್‌ನವರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಥೀಮ್ ಆರಿಸುವಾಗ ಒಂದು ಎಚ್ಚರಿಕೆ. ಹಣ ಕೊಟ್ಟು ಪಡೆಯಬೇಕಾದ ಥೀಮ್‌ಗಳು ಕೆಲವು ಕಡೆ ಕಳ್ಳತನದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಹಿಂಬಾಗಿಲು ತೆರೆದಿಡುವ ಸಾಲುಗಳನ್ನು ಸೇರಿಸಿರುವುದು ಸಾಮಾನ್ಯ. ಕದ್ದ ಸಾಮಗ್ರಿಯಿಂದ ಚರ್ಚಿನ ಕೆಲಸ ಮಾಡುವುದು ಹೇಗೂ ಸರಿಯಲ್ಲ. ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಲ್ಲಿಯೇ ಸಾವಿರಾರು ಉಚಿತ ಥೀಮ್‌ಗಳಿವೆ. ಇತ್ತೀಚೆಗೆ ಪರಿಷ್ಕರಿಸಲ್ಪಟ್ಟ, ಸರಳವಾದ ಒಂದನ್ನು ಆರಿಸಿಕೊಳ್ಳಿ.

ಕನ್ನಡ ಅಕ್ಷರಗಳ ವಿಶೇಷ ಸಮಸ್ಯೆ

ಇಂಗ್ಲಿಷ್ ತಾಣಗಳವರಿಗೆ ಇಲ್ಲದ ಒಂದು ಕಷ್ಟ ನಮಗಿದೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ, ಅಂದರೆ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಆದರೆ ಸಾಮಾನ್ಯರ ಗಣಕಯಂತ್ರಗಳಲ್ಲಿ ಅದಕ್ಕೆ ಬೆಂಬಲ ಇರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಯೂನಿಕೋಡ್ ಕನ್ನಡ ಫಾಂಟ್ ಇತ್ತಾದರೂ ಅನೇಕರಿಗೆ ಅದನ್ನು ಸಕ್ರಿಯಗೊಳಿಸುವುದು ತಿಳಿದಿರಲಿಲ್ಲ. ಹಾಗಾಗಿ ಬರಹ, ನುಡಿ, ಶ್ರೀಲಿಪಿ ಮುಂತಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿ ತಾಣಕ್ಕೆ ಹಾಕುತ್ತಿದ್ದೆವು. ಈ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ ಕನ್ನಡ ಅಕ್ಷರದ ಚಿತ್ರವನ್ನು ಕೂರಿಸಲಾಗಿತ್ತು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಓದುಗರು ಫಾಂಟ್ ಇಳಿಸಿಕೊಳ್ಳುವ ಶ್ರಮ ತಪ್ಪಲೆಂದು ಕೆಲವು ತಾಣಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಕೆಲಸ ಮಾಡುವ 'ಇಒಟಿ' ಮಾದರಿಯ ಫಾಂಟ್ ಅಳವಡಿಸಿದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ಅನ್ನು ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿವೃತ್ತಿಗೊಳಿಸಿತು. ಆ ಪುಟಗಳ ಕನ್ನಡವೂ ಅದರೊಂದಿಗೆ ಮರೆಯಾಯಿತು. ಕನ್ನಡ ಲಿಪಿಯಲ್ಲಿ ಕೊಂಕಣಿ, ತುಳು ಬರೆದವರಿಗೂ ಇದೇ ಗತಿ.

ಸಮಾಧಾನದ ಸಂಗತಿಯೆಂದರೆ ಆ ಬರಹ ನಾಶವಾಗಿಲ್ಲ. ಪುಟದಲ್ಲಿ ಕಾಣುವ ಇಂಗ್ಲಿಷ್ ಅಕ್ಷರಗಳ ರಾಶಿಯೊಳಗೆ ಅದು ಅಡಗಿದೆ. ಯಾವ ಫಾಂಟಿನಲ್ಲಿ ಬರೆದದ್ದು ಎಂದು ತಿಳಿದರೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತರಬಹುದು. ಫಾಂಟಿನ ಹೆಸರು ಹಳೆಯ ಪುಟದ ಮೂಲ ಕಡತದಲ್ಲಿಯೇ ಬರೆದಿರುತ್ತದೆ. ಪರಿವರ್ತನೆಯ ನಂತರ ಒಬ್ಬರು ಕುಳಿತು ಓದಲೇಬೇಕು. ಒತ್ತಕ್ಷರ, ಅರ್ಕಾವತ್ತು, ದೀರ್ಘಗಳಲ್ಲಿ ತಪ್ಪುಗಳು ಉಳಿಯುತ್ತವೆ. ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಯಂತ್ರವು ಕನ್ನಡವೆಂದು ತಿಳಿದು ಕೆಡಿಸುತ್ತದೆ. ವ್ಯಕ್ತಿಗಳ ಹೆಸರು ಮತ್ತು ದಿನಾಂಕಗಳನ್ನು ಮೂಲದೊಂದಿಗೆ ಹೋಲಿಸಿ ನೋಡಿ. ನಮ್ಮ ಯುವ ಸಂಘಟನೆಯವರು ರಜಾದಿನಗಳಲ್ಲಿ ಕೈಗೊಳ್ಳಬಹುದಾದ ಉತ್ತಮ ಸೇವೆಯಿದು.

ಯೂನಿಕೋಡ್‌ನಲ್ಲಿಯೇ ಇದ್ದ ತಾಣಗಳಿಗೂ ಸ್ಥಳಾಂತರದ ವೇಳೆ ಒಂದು ಅಪಾಯವಿದೆ. ಹಳೆಯ ಮೈಎಸ್‌ಕ್ಯುಎಲ್ ಡೇಟಾಬೇಸ್‌ಗಳು ಸಾಮಾನ್ಯವಾಗಿ 'ಲ್ಯಾಟಿನ್ 1' ಎಂಬ ಯುರೋಪಿನ ಅಕ್ಷರ ಸಂಕೇತದಲ್ಲಿ ರಚಿತವಾಗಿದ್ದವು. ಸರಿಯಾದ ಸೂಚನೆ ಕೊಡದೆ ಪ್ರತಿ ತೆಗೆದು ಹೊಸದಕ್ಕೆ ಹಾಕಿದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. ಹೀಗಾದರೆ ಆ ಪ್ರತಿಯಿಂದ ಬರಹವನ್ನು ಮರಳಿ ಪಡೆಯಲಾಗದು, ಮೂಲಕ್ಕೇ ಹೋಗಬೇಕು. ಆದ್ದರಿಂದ ಮೂಲವನ್ನು ಅಳಿಸಬೇಡಿ. ಹೊಸ ಡೇಟಾಬೇಸ್‌ನ ಅಕ್ಷರ ಸಂಕೇತ 'ಯುಟಿಎಫ್8ಎಂಬಿ4' ಎಂದಿರಲಿ ಎಂದು ತಂತ್ರಜ್ಞರಿಗೆ ತಿಳಿಸಿ.

ಥೀಮ್‌ಗಳ ವಿಷಯದಲ್ಲಿಯೂ ಒಂದೆರಡು ಮಾತು. ಹೆಚ್ಚಿನ ಥೀಮ್‌ಗಳು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ತಯಾರಾದವು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರ ಹೆಚ್ಚಿರಬೇಕು. ಇಲ್ಲವಾದರೆ ಶೀರ್ಷಿಕೆಯ ಎರಡು ಸಾಲುಗಳು ಒಂದಕ್ಕೊಂದು ತಾಗುತ್ತವೆ. ಅಕ್ಷರಗಳ ನಡುವೆ ಹೆಚ್ಚುವರಿ ಅಂತರ ಕೊಡುವ ಮತ್ತು ಅಕ್ಷರಗಳನ್ನು ಓರೆಯಾಗಿಸುವ ಆಯ್ಕೆಗಳನ್ನು ಕನ್ನಡಕ್ಕೆ ಬಳಸದಿರುವುದು ಲೇಸು. ನೋಟೋ ಸಾನ್ಸ್ ಕನ್ನಡದಂತಹ ಮುಕ್ತ ಪರವಾನಗಿಯ ಫಾಂಟ್‌ಗಳನ್ನು ತಾಣದಲ್ಲಿಯೇ ಅಳವಡಿಸಬಹುದು. ಥೀಮ್ ಆಯ್ಕೆಗೆ ಮುನ್ನ ಅದರ ಮಾದರಿ ಪುಟದಲ್ಲಿ 'ಕ್ರಿಸ್ತ ಜ್ಯೋತಿ', 'ರಾಷ್ಟ್ರೀಯ', 'ಸ್ವಾತಂತ್ರ್ಯೋತ್ಸವ' ಎಂದು ಬರೆದು ನೋಡಿ. ಇವು ಸರಿಯಾಗಿ ಕಂಡರೆ ಉಳಿದವೂ ಹೆಚ್ಚಾಗಿ ಸರಿ ಇರುತ್ತವೆ.

ಕ್ಲೌಡ್ ಎಂದರೇನು?

ಕ್ಲೌಡ್ ಎಂದರೆ ಮೋಡ. ಆದರೆ ನಮ್ಮ ಕಡತಗಳು ಆಕಾಶದಲ್ಲಿ ತೇಲುವುದಿಲ್ಲ. ದೊಡ್ಡ ಕಂಪೆನಿಗಳ ಬೃಹತ್ ಕಟ್ಟಡಗಳಲ್ಲಿರುವ ಸಾವಿರಾರು ಯಂತ್ರಗಳಲ್ಲಿ ಅವು ಇರುತ್ತವೆ.

ಹಿಂದಿನ ಪದ್ಧತಿಯಲ್ಲಿ ಒಂದೇ ಯಂತ್ರದಲ್ಲಿ ನೂರಾರು ತಾಣಗಳನ್ನು ಇಟ್ಟು ವಾರ್ಷಿಕ ಬಾಡಿಗೆ ಪಡೆಯುತ್ತಿದ್ದರು. ಇದಕ್ಕೆ 'ಶೇರ್ಡ್ ಹೋಸ್ಟಿಂಗ್' ಎಂದು ಹೆಸರು. ಇಂದಿಗೂ ಇದು ಇದೆ. ಆ ಯಂತ್ರ ಕೆಟ್ಟರೆ ಎಲ್ಲಾ ತಾಣಗಳೂ ನಿಲ್ಲುತ್ತವೆ. ನೆರೆಯ ತಾಣಕ್ಕೆ ಜನ ಮುಗಿಬಿದ್ದರೆ ನಮ್ಮ ತಾಣವೂ ನಿಧಾನವಾಗುತ್ತದೆ. ಅಮೆಜಾನ್ ಕಂಪೆನಿ 2006ರ ಮಾರ್ಚ್‌ನಲ್ಲಿ 'ಎಸ್3' ಎಂಬ ಸಂಗ್ರಹ ಸೇವೆಯನ್ನೂ ಆಗಸ್ಟ್‌ನಲ್ಲಿ 'ಇಸಿ2' ಎಂಬ ಯಂತ್ರ ಬಾಡಿಗೆ ಸೇವೆಯನ್ನೂ ಆರಂಭಿಸಿದಾಗ ಬೇರೊಂದು ದಾರಿ ತೆರೆಯಿತು. ಬೇಕಾದಷ್ಟು ಶಕ್ತಿಯನ್ನು ಬೇಕಾದಾಗ ಪಡೆದು, ಬಳಸಿದಷ್ಟಕ್ಕೆ ಮಾತ್ರ ಹಣ ಕೊಡುವ ವ್ಯವಸ್ಥೆಯಿದು. ನಮ್ಮ ಮನೆಯ ವಿದ್ಯುತ್ ಮೀಟರಿನಂತೆ.

ಅಮೆರಿಕದ ಪ್ರಮಾಣೀಕರಣ ಸಂಸ್ಥೆ ನಿಸ್ಟ್ 2011ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ವ್ಯಾಖ್ಯೆಯಂತೆ ಕ್ಲೌಡ್‌ಗೆ ಐದು ಲಕ್ಷಣಗಳಿವೆ: ಬೇಕೆಂದಾಗ ತಾವೇ ಪಡೆದುಕೊಳ್ಳುವ ಸೌಲಭ್ಯ, ಜಾಲದ ಮೂಲಕ ಎಲ್ಲಿಂದಲೂ ಬಳಕೆ, ಸಂಪನ್ಮೂಲಗಳ ಹಂಚಿಕೆ, ತ್ವರಿತವಾಗಿ ಹಿಗ್ಗುವ ಕುಗ್ಗುವ ಗುಣ ಹಾಗೂ ಬಳಕೆಯ ಅಳತೆ. ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಭಾರತದಲ್ಲಿಯೇ ತಮ್ಮ ಕ್ಲೌಡ್ ಕೇಂದ್ರಗಳನ್ನು ತೆರೆದವು. ಯಂತ್ರ ಮುಂಬೈಯಲ್ಲಿದ್ದರೆ ಮಂಗಳೂರಿನ ಓದುಗರಿಗೆ ಪುಟ ಬೇಗ ತೆರೆಯುತ್ತದೆ.

ನಮಗೆ ಯಾವುದು ಸೂಕ್ತ?

ಎಲ್ಲರಿಗೂ ಒಂದೇ ಅಳತೆಯ ಅಂಗಿ ಸರಿಯಾಗುವುದಿಲ್ಲ.

ವರ್ಷಕ್ಕೆ ನಾಲ್ಕಾರು ಬಾರಿ ಬದಲಾಗುವ, ಬಲಿಪೂಜೆಯ ಸಮಯ, ಇತಿಹಾಸ, ಸಂಪರ್ಕ ಸಂಖ್ಯೆ ಮಾತ್ರ ಇರುವ ತಾಣಕ್ಕೆ ಡೇಟಾಬೇಸ್ ಇಲ್ಲದ ಸ್ಥಿರ ಪುಟಗಳು ಸಾಕು. ಇವುಗಳನ್ನು ಕ್ಲೌಡ್ ಸಂಗ್ರಹದಲ್ಲಿ ಅತ್ಯಲ್ಪ ವೆಚ್ಚದಲ್ಲಿ, ಕೆಲವೊಮ್ಮೆ ಉಚಿತವಾಗಿ ಇಡಬಹುದು. ಒಳನುಗ್ಗಲು ಬಾಗಿಲುಗಳೂ ಕಡಿಮೆ.

ಪ್ರತಿದಿನ ಸುದ್ದಿ ಪ್ರಕಟಿಸುವ ತಾಣಕ್ಕೆ ನಿರ್ವಹಣೆಯನ್ನೂ ಕಂಪೆನಿಯೇ ವಹಿಸಿಕೊಳ್ಳುವ 'ಮ್ಯಾನೇಜ್ಡ್' ಸೇವೆ ಉತ್ತಮ. ವೆಚ್ಚ ಸ್ವಲ್ಪ ಹೆಚ್ಚು, ತಲೆನೋವು ಕಡಿಮೆ.

ಸ್ವಂತವಾಗಿ ಕ್ಲೌಡ್ ಯಂತ್ರವನ್ನೇ ಬಾಡಿಗೆಗೆ ಪಡೆಯುವುದು ಅಗ್ಗವಾಗಿ ಕಾಣುತ್ತದೆ. ಆದರೆ ಅದರ ತಂತ್ರಾಂಶಗಳನ್ನು ಪರಿಷ್ಕರಿಸುವುದು, ಭದ್ರತೆ ನೋಡಿಕೊಳ್ಳುವುದು ಎಲ್ಲವೂ ನಮ್ಮ ಹೊಣೆ. ತಿಳಿದವರು ನಿರಂತರವಾಗಿ ಲಭ್ಯರಿದ್ದರೆ ಮಾತ್ರ ಇದಕ್ಕೆ ಕೈಹಾಕಿ. ಹಬ್ಬದ ಬಲಿಪೂಜೆಯ ನೇರ ಪ್ರಸಾರಕ್ಕಾಗಿ ದೊಡ್ಡ ಯಂತ್ರ ಬೇಕೆಂದು ಕೆಲವರು ತಿಳಿಯುತ್ತಾರೆ. ಯೂಟ್ಯೂಬ್‌ನಲ್ಲಿ ಪ್ರಸಾರ ಮಾಡಿ ಅದನ್ನು ತಾಣದಲ್ಲಿ ಅಳವಡಿಸಿದರೆ ಭಾರ ನಮ್ಮ ಯಂತ್ರದ ಮೇಲೆ ಬೀಳುವುದಿಲ್ಲ.

ಹಣ ಪಾವತಿಯ ಬಗ್ಗೆಯೂ ಗಮನವಿರಲಿ. ಬಳಸಿದಷ್ಟಕ್ಕೆ ಹಣ ಎಂಬಲ್ಲಿ ಬಳಕೆ ಏರಿದರೆ ಬಿಲ್ ಕೂಡ ಏರುತ್ತದೆ. ನಿಗದಿತ ಮೊತ್ತ ದಾಟುವ ಮುನ್ನ ಎಚ್ಚರಿಸುವ ಸೂಚನೆಯನ್ನು ಮೊದಲ ದಿನವೇ ಹೊಂದಿಸಿ. ಕಾರ್ಡಿನಿಂದ ಆಗಾಗ ತಾನಾಗಿ ಕಡಿತವಾಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಹೊಸ ನಿಯಮ ಜಾರಿಗೆ ತಂದ ಮೇಲೆ ಅನೇಕ ವಿದೇಶಿ ಕಂಪೆನಿಗಳಿಗೆ ಸಂದಾಯ ಅರ್ಧದಲ್ಲಿ ನಿಂತದ್ದುಂಟು. 'ಆಟೋ ರಿನ್ಯೂವಲ್ ಇದೆ' ಎಂದು ನೆಮ್ಮದಿಯಾಗಿರದೆ ನವೀಕರಣದ ದಿನಾಂಕವನ್ನು ಚರ್ಚ್ ಕಚೇರಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಕ್ಲೌಡ್‌ನಲ್ಲಿದ್ದರೆ ಸುರಕ್ಷಿತವೇ?

2021ರ ಮಾರ್ಚ್ 10ರ ಬೆಳಗಿನ ಜಾವ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ದೊಡ್ಡ ಕ್ಲೌಡ್ ಕಂಪೆನಿಯ ಐದು ಅಂತಸ್ತಿನ ಡೇಟಾ ಕೇಂದ್ರವೊಂದು ಬೆಂಕಿಗೆ ಆಹುತಿಯಾಯಿತು. ಪ್ರಾಣಹಾನಿ ಆಗಲಿಲ್ಲ. ಆದರೆ ಯುರೋಪಿನಾದ್ಯಂತ ಅಸಂಖ್ಯ ತಾಣಗಳು ಏಕಾಏಕಿ ನಿಂತುಹೋದವು. ಬೇರೆ ಊರಿನಲ್ಲಿ ಪ್ರತಿ ಇಟ್ಟಿದ್ದವರು ಚೇತರಿಸಿಕೊಂಡರು. 'ಕ್ಲೌಡ್‌ನಲ್ಲಿದೆಯಲ್ಲ' ಎಂದು ಸುಮ್ಮನಿದ್ದ ಹಲವರ ದತ್ತಾಂಶ ಮರಳಲೇ ಇಲ್ಲ. ಹಿಂದೆ 2009ರ ಅಕ್ಟೋಬರ್‌ನಲ್ಲಿ ಯಾಹೂ ಕಂಪೆನಿ ತನ್ನ ಜಿಯೋಸಿಟೀಸ್ ಎಂಬ ಉಚಿತ ಸೇವೆಯನ್ನು ಮುಚ್ಚಿದಾಗಲೂ ಲಕ್ಷಾಂತರ ಜನರ ಪುಟಗಳು ಇಲ್ಲವಾದವು.

ಆದ್ದರಿಂದ ಪ್ರತಿ ಎಲ್ಲಿದೆ ಎಂಬ ಪ್ರಶ್ನೆ ಕ್ಲೌಡ್‌ಗೂ ಅನ್ವಯಿಸುತ್ತದೆ. ತಂತ್ರಜ್ಞರು ಹೇಳುವ 3-2-1 ನಿಯಮ ಸುಲಭವಾಗಿದೆ: ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೊಂದು ಊರಿನಲ್ಲಿ. ತಿಂಗಳಿಗೊಮ್ಮೆ ಹಾರ್ಡ್ ಡಿಸ್ಕ್‌ಗೆ ಪ್ರತಿ ತೆಗೆದು ಚರ್ಚ್ ಕಚೇರಿಯ ಕಪಾಟಿನಲ್ಲಿ ಇಟ್ಟರೂ ಒಳ್ಳೆಯದೇ. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯಿಂದ ತಾಣ ಮರಳಿ ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು.

ಸ್ಥಳಾಂತರದ ಹೆಜ್ಜೆಗಳು

1. ಡೊಮೈನ್ ಯಾರ ಹೆಸರಿನಲ್ಲಿದೆ, ಯಾವ ಇ-ಮೇಲ್‌ಗೆ ಸೂಚನೆಗಳು ಹೋಗುತ್ತವೆ, ಅವಧಿ ಎಂದು ಮುಗಿಯುತ್ತದೆ ಎಂದು ಪತ್ತೆಹಚ್ಚಿ. ಪರದೇಶಕ್ಕೆ ಹೋದ ಯುವಕನ ಸ್ವಂತ ಇ-ಮೇಲ್ ಇದ್ದರೆ ಅವನನ್ನು ಸಂಪರ್ಕಿಸಿ ಸಂಸ್ಥೆಯ ಇ-ಮೇಲ್‌ಗೆ ಬದಲಿಸಿ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೆ ಸಣ್ಣ ವಿನಾಯಿತಿಯ ಅವಧಿ, ನಂತರ ಹೆಚ್ಚುವರಿ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನ ಸಿಗುತ್ತದೆ. ಅದೂ ಮುಗಿದರೆ ಯಾರು ಬೇಕಾದರೂ ಅದನ್ನು ಪಡೆಯಬಹುದು.

2. ಎಲ್ಲಾ ಕಡತಗಳ ಹಾಗೂ ಡೇಟಾಬೇಸ್‌ನ ಪೂರ್ಣ ಪ್ರತಿ ತೆಗೆಯಿರಿ. ಚಿತ್ರಗಳ ಫೋಲ್ಡರ್ ಬೇರೆ ಕಡೆ ಇದೆಯೇ ಎಂದು ನೋಡಿ. ನಾವು ಎಡವಿದ್ದು ಇಲ್ಲಿಯೇ.

3. ಹಳೆಯ ಪುಟಗಳ ವಿಳಾಸಗಳ ಪಟ್ಟಿ ಮಾಡಿ.

4. ಹೊಸ ಹೋಸ್ಟಿಂಗ್‌ನಲ್ಲಿ ತಾಣವನ್ನು ಮೊದಲು ಹಳೆಯ ರೂಪದಲ್ಲಿಯೇ ಪ್ರಾಯೋಗಿಕವಾಗಿ ನಿಲ್ಲಿಸಿ. ನೆಲೆ ಮತ್ತು ಥೀಮ್ ಎರಡನ್ನೂ ಒಂದೇ ದಿನ ಬದಲಿಸಬೇಡಿ. ತೊಂದರೆಯಾದರೆ ಕಾರಣ ಯಾವುದೆಂದು ತಿಳಿಯದು. ಹಳೆಯ ತಂತ್ರಾಂಶ ಹೊಸ ಪಿಎಚ್‌ಪಿಯಲ್ಲಿ ಓಡದಿದ್ದರೆ ಈ ಪ್ರಯೋಗದಲ್ಲಿಯೇ ಗೊತ್ತಾಗುತ್ತದೆ.

5. ವಿಳಾಸವನ್ನು ಹೊಸ ಯಂತ್ರದ ಕಡೆ ತಿರುಗಿಸುವ ಎರಡು ದಿನ ಮೊದಲು ಡಿಎನ್‌ಎಸ್‌ನಲ್ಲಿ 'ಟಿಟಿಎಲ್' ಎಂಬ ಅವಧಿಯನ್ನು 300 ಸೆಕೆಂಡುಗಳಿಗೆ ಇಳಿಸಿ. ಆಗ ಬದಲಾವಣೆ ಕೆಲವೇ ನಿಮಿಷಗಳಲ್ಲಿ ಹೆಚ್ಚಿನವರಿಗೆ ತಲುಪುತ್ತದೆ.

6. ಇ-ಮೇಲ್ ಮರೆಯಬೇಡಿ. ಕಚೇರಿಯ ಇ-ಮೇಲ್ ಅದೇ ಡೊಮೈನ್‌ನಲ್ಲಿದ್ದರೆ ಅದರ 'ಎಂಎಕ್ಸ್' ದಾಖಲೆಗಳನ್ನು ಯಥಾವತ್ತಾಗಿ ಹೊಸದರಲ್ಲಿ ಬರೆಯಬೇಕು. ಇಲ್ಲವಾದರೆ ತಾಣ ತೆರೆಯುತ್ತದೆ, ಪತ್ರಗಳು ಬರುವುದಿಲ್ಲ. ಪತ್ರಗಳು ಹಳೆಯ ಹೋಸ್ಟಿಂಗ್‌ನಲ್ಲಿಯೇ ಸಂಗ್ರಹವಾಗಿದ್ದರೆ ಅವುಗಳನ್ನೂ ಮೊದಲೇ ಇಳಿಸಿಕೊಳ್ಳಿ.

7. ಹಳೆಯ ಪುಟದ ವಿಳಾಸ ಬದಲಾದರೆ '301' ಎಂಬ ಶಾಶ್ವತ ಮರುನಿರ್ದೇಶನ ಬರೆಯಿಸಿ. ಹಳೆಯ ಕೊಂಡಿ ಒತ್ತಿದವರು ಹೊಸ ಪುಟಕ್ಕೆ ತಲುಪುತ್ತಾರೆ. ಕುವೈಟ್‌ನ ಆ ಸಹೋದರಿಗೆ ಬೇಕಾಗಿದ್ದುದು ಇಷ್ಟೇ.

8. ಹಳೆಯ ಹೋಸ್ಟಿಂಗನ್ನು ಕನಿಷ್ಠ ಒಂದೆರಡು ತಿಂಗಳು ಹಾಗೆಯೇ ಉಳಿಸಿಕೊಳ್ಳಿ. ಈ ಅವಧಿಯಲ್ಲಿ ಏನಾದರೂ ಬಿಟ್ಟುಹೋಗಿದೆಯೇ ಎಂದು ತಿಳಿಸುವಂತೆ ಓದುಗರನ್ನು ಕೇಳಿಕೊಳ್ಳಿ.

ಹಬ್ಬದ ವಾರದಲ್ಲಿ, ಕ್ರಿಸ್ಮಸ್ ಅಥವಾ ಪವಿತ್ರ ವಾರದಲ್ಲಿ ಈ ಕೆಲಸ ಬೇಡ. ಜನ ಹೆಚ್ಚು ಭೇಟಿ ನೀಡುವ ದಿನಗಳವು, ಸಹಾಯ ಮಾಡುವವರು ಸಿಗದ ದಿನಗಳೂ ಹೌದು.

ಖಾಸಗಿ ಮಾಹಿತಿಯ ಎಚ್ಚರಿಕೆ

ಹಳೆಯ ತಾಣಗಳಲ್ಲಿ ಕುಟುಂಬಗಳ ಪಟ್ಟಿ, ದೂರವಾಣಿ ಸಂಖ್ಯೆ, ಮಕ್ಕಳ ಜನ್ಮದಿನಾಂಕಗಳನ್ನು ಮುಕ್ತವಾಗಿ ಹಾಕಿದ್ದುಂಟು. ಸ್ಥಳಾಂತರದ ವೇಳೆ ಇವುಗಳನ್ನು ಸಾರ್ವಜನಿಕ ಪುಟಗಳಿಂದ ತೆಗೆಯಿರಿ. ವೈಯಕ್ತಿಕ ಡಿಜಿಟಲ್ ದತ್ತಾಂಶದ ರಕ್ಷಣೆಗಾಗಿ ಭಾರತದ ಸಂಸತ್ತು 2023ರಲ್ಲಿ ಕಾನೂನನ್ನೂ ಮಾಡಿದೆ. ಆಡಳಿತ ಖಾತೆಗಳ ಪಾಸ್‌ವರ್ಡ್ ಬದಲಿಸಿ, ಬಿಟ್ಟುಹೋದವರ ಖಾತೆಗಳನ್ನು ಅಳಿಸಿ, ಎರಡು ಹಂತದ ದೃಢೀಕರಣ ಅಳವಡಿಸಿ.

ಬೀಗದ ಕೈ ಯಾರಲ್ಲಿ?

ಕಂಪೆನಿಗೆ ಕೆಲಸ ಒಪ್ಪಿಸುವಾಗ ಮೂರು ವಿಷಯಗಳನ್ನು ಬರಹದಲ್ಲಿ ಪಡೆಯಿರಿ: ಡೊಮೈನ್ ಮತ್ತು ಕ್ಲೌಡ್ ಖಾತೆ ಸಂಸ್ಥೆಯ ಹೆಸರಿನಲ್ಲಿ ಇರುತ್ತದೆ, ಕೇಳಿದಾಗ ಪೂರ್ಣ ಪ್ರತಿ ಕೊಡುತ್ತಾರೆ, ಒಪ್ಪಂದ ಮುಗಿದರೆ ಬೇರೆಡೆಗೆ ಒಯ್ಯಲು ಸಹಕರಿಸುತ್ತಾರೆ. ಒಪ್ಪದವರಿಗೆ ಕೆಲಸ ಕೊಡಬೇಡಿ.

ನಮ್ಮ ಧರ್ಮಗುರುಗಳಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆಯಾಗುತ್ತದೆ. ಪಾಲನಾ ಮಂಡಳಿಯ ಪದಾಧಿಕಾರಿಗಳೂ ಬದಲಾಗುತ್ತಾರೆ. ಅಧಿಕಾರ ಹಸ್ತಾಂತರದ ದಿನ ದಾಖಲೆ ಪುಸ್ತಕಗಳು, ಲೆಕ್ಕಪತ್ರಗಳು, ಕಪಾಟಿನ ಬೀಗದ ಕೈಗಳನ್ನು ಪಟ್ಟಿ ಮಾಡಿ ಒಪ್ಪಿಸುವ ಪದ್ಧತಿ ನಮ್ಮಲ್ಲಿದೆ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಲಿ: ಡೊಮೈನ್ ಖಾತೆ, ಹೋಸ್ಟಿಂಗ್ ಖಾತೆ, ಅವುಗಳ ಪಾಸ್‌ವರ್ಡ್, ನವೀಕರಣದ ದಿನಾಂಕ ಮತ್ತು ಪ್ರತಿ ಇರುವ ಸ್ಥಳ. ಇದನ್ನು ಒಂದು ಲಕೋಟೆಯಲ್ಲಿ ಮೊಹರು ಮಾಡಿ ಕಪಾಟಿನಲ್ಲಿಡಿ. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ, ಯಾವ ತಂತ್ರಜ್ಞರೂ ಬೇಕಾಗಿಲ್ಲ. ಹೊಸ ಥೀಮ್, ಹೊಸ ಕ್ಲೌಡ್ ಎಲ್ಲವೂ ಅದರ ನಂತರ. ಈ ವಾರವೇ ಆ ಲಕೋಟೆಯನ್ನು ಸಿದ್ಧಪಡಿಸಿ ಎಂದು ನಾವು ಎಲ್ಲಾ ಧರ್ಮಕೇಂದ್ರಗಳ ಕಾರ್ಯದರ್ಶಿಗಳಲ್ಲಿ ವಿನಂತಿಸಿಕೊಳ್ಳುತ್ತೇವೆ.